ಪೀರಮ್ಮನ ತಾಳೆಯಾಗದ ಪದ

ಮಸ್ಕಿ ಬಸ್ ನಿಲ್ದಾಣದ ಎದುರು ಮೊಬೈಲ್ ಅಂಗಡಿ ಇಟ್ಟಿರುವ ಅಮೀನ್‌ಸಾಬ್ ಮಹಾ ಸಂಶಯದ ಮನುಷ್ಯ. ಹಾಲು ಕೊಂಡರೆ ಬೆರಳದ್ದಿ ನೋಡುತ್ತಾನೆ. ಅಳಿಯನನ್ನು ಆರಿಸುವಾಗ ಅವನ ಊರಿನ ಕ್ಷೌರಿಕನನ್ನೂ ಬಿಡದೆ ವಿಚಾರಿಸಿದ್ದ. ಕಣ್ಣು ಮುಚ್ಚಿ ಅವನು ನಂಬುವುದು ಒಂದನ್ನೇ, ಕಂಪ್ಯೂಟರ್ ತೋರಿಸುವ ಸಂಖ್ಯೆಯನ್ನು.

ಕಾರಣವೂ ಉಂಟು. ಅವನ ಅಂಗಡಿಗೆ ಹಾಡುಗಳು ಬರುವುದು ಇಂಟರ್ನೆಟ್ ಜಾಲದ ಮೂಲಕ, ಎಲ್ಲೆಲ್ಲಿಯೋ ಇರುವ ಜನರ ಕಂಪ್ಯೂಟರುಗಳಿಂದ. ಒಂದೇ ಹಾಡಿನ ಒಂದು ತುಣುಕು ಮುದಗಲ್‌ನಿಂದ, ಇನ್ನೊಂದು ಆರ್.ಎಚ್. ಕ್ಯಾಂಪಿನಿಂದ, ಉಳಿದದ್ದು ಮುಖ ಕಾಣದವರಿಂದ. ನಡುವೆ ಯಾರಾದರೂ ಏನಾದರೂ ಬೆರೆಸಿದರೆ? ಅದಕ್ಕೇ ಕಂಪ್ಯೂಟರ್ ಇಡೀ ಹಾಡನ್ನು ಅರೆದು ಒಂದು ಉದ್ದನೆಯ ಸಂಖ್ಯೆ ತೆಗೆಯುತ್ತದೆ. ಜಾಲಕ್ಕೆ ಹಾಡು ಹಾಕಿದವನು ಕೊಟ್ಟ ಸಂಖ್ಯೆಗೆ ಅದು ತಾಳೆಯಾದರೆ ಅಸಲಿ, ಇಲ್ಲವಾದರೆ ನಕಲಿ. ಹಾಕಿದವನು ಎಂಥವನು ಎಂದು ಮಾತ್ರ ಅಮೀನ್‌ಸಾಬ್ ಯಾವತ್ತೂ ವಿಚಾರಿಸಲಿಲ್ಲ.

ಮೊಹರಂ ಹತ್ತಿರವಾದರೆ ಹಬ್ಬದ ಹಾಡುಗಳಾದ ರಿವಾಯತ್ ಪದಗಳನ್ನು ಫೋನಿಗೆ ತುಂಬಿಸಿಕೊಳ್ಳಲು ಜನ ಮುಗಿಬೀಳುತ್ತಾರೆ. ಅದರಲ್ಲೂ ಜವಳಗೇರಾದ ಪೀರಮ್ಮನ ಪದ ಬೇಕೇ ಬೇಕು. ಪೀರಮ್ಮ ಈಗಿಲ್ಲ. ಮಗಳು ನಂದಿನಿ ಮನೆಯಲ್ಲಿ ಫೋನಿಗೆ ಹಿಡಿದ ಒಂದು ಪದ ಕೈಯಿಂದ ಕೈಗೆ ಹರಡಿದೆ. ಬಂದವರ ಫೋನಿನಲ್ಲಿ ತಾಳೆಯಾಗದ ಪ್ರತಿ ಕಂಡರೆ ಅಮೀನ್‌ಸಾಬ್ ಅದನ್ನು ಅಳಿಸಿ, ಅಸಲಿ ಹಾಕಿ ಕಳಿಸುತ್ತಿದ್ದ. ಪುಣ್ಯದ ಕೆಲಸ!

ಈ ಸಲ ನಂದಿನಿಯೇ ಬಂದಳು. ಲಿಂಗಸುಗೂರಿನಲ್ಲಿ ನರ್ಸ್ ಆಗಿರುವ ಅವಳಿಗೆ ಹಳೆಯ ಫೋನಿನದೆಲ್ಲ ಹೊಸದಕ್ಕೆ ಹಾಕಿಸಬೇಕಿತ್ತು. ಅವಳು ಚಹಾ ಕುಡಿದು ಬರುವುದರೊಳಗೆ ಅಮೀನ್‌ಸಾಬ್ ಕೆಲಸ ಮುಗಿಸಿ, ಹಳೆಯದರಲ್ಲಿದ್ದುದನ್ನೆಲ್ಲ ಒರೆಸಿಯೂ ಇಟ್ಟಿದ್ದ.

“ನಿಮ್ಮವ್ವನ ಪದ ನಕಲಿ ಇತ್ತವ್ವಾ. ಅಸಲಿ ಹಾಕೀನಿ.”

ನಂದಿನಿ ಅಲ್ಲೇ ಹಚ್ಚಿ ಕೇಳಿದಳು. ಪದ ಮುಗಿದ ಮೇಲೆ ಮತ್ತೆ ಮೊದಲಿನಿಂದ ಹಚ್ಚಿದಳು.

“ನಡುವ ಅವ್ವ ನನ್ನ ಕರದಿದ್ಲು ಕಾಕಾ. ಹಾಡೋದು ನಿಲ್ಲಿಸಿ ನೀರು ಕೇಳಿದ್ಲು. ಅದೆಲ್ಲಿ?”

“ಎಲ್ಲಾರ ಹತ್ರನೂ ಇದ ಐತವ್ವಾ. ನಂಬರು ತಾಳೆ ಆಗೈತಿ...”

“ಹಾಡಿದಾಕಿ ನಮ್ಮವ್ವ, ಹಿಡಿದಾಕಿ ನಾನು. ನನ್ನ ಹತ್ರ ಇದ್ದದ್ದು ನಕಲಿ ಹೆಂಗ ಆಕೈತ್ರೀ?”

ಜಾಲಕ್ಕೆ ಹಾಕಿದವನು ಯಾರೆಂದು ಅಮೀನ್‌ಸಾಬ್ ಅಂದು ಮೊದಲ ಸಲ ಹುಡುಕಿದ. ಸಿಂಧನೂರಿನ ಯಾವನೋ ಜಾಣ, ಹಾಡಿಗೆ ಅಡ್ಡಿಯೆಂದು ಆ ಮಾತನ್ನು ಕತ್ತರಿಸಿ ಜಾಲಕ್ಕೆ ಹಾಕಿದ್ದ. ಅವನ ಕತ್ತರಿಗೆ ಸುತ್ತಲ ಊರುಗಳೆಲ್ಲ ತಾಳೆಯಾಗಿದ್ದವು. ಒರೆಸಿದ ಫೋನಿನಿಂದ ಪದವನ್ನು ತಿರುಗಿ ತೆಗೆಯಲು ಅಮೀನ್‌ಸಾಬ್ ನೋಡಿದ, ಬರಲಿಲ್ಲ. ಸಿಕ್ಕವರನ್ನೆಲ್ಲ ಕೇಳಿದ, ಎಲ್ಲರ ಫೋನನ್ನೂ ಅವನೇ ಶುದ್ಧ ಮಾಡಿಟ್ಟಿದ್ದ.

ಉಳಿದವನು ಜವಳಗೇರಾದ ಅಂಬಪ್ಪ, ಪೀರಮ್ಮನ ಪದಕ್ಕೆ ಹಲಗಿ ಬಾರಿಸುತ್ತಿದ್ದ ಮುದುಕ. ಅಮೀನ್‌ಸಾಬನ ಅಂಗಡಿ ಮೆಟ್ಟಿಲು ಅವನು ಹತ್ತಿದವನೇ ಅಲ್ಲ. ನಂದಿನಿಯನ್ನು ಕರೆದುಕೊಂಡು ಅಮೀನ್‌ಸಾಬ್ ಅವನ ಮನೆಗೆ ಹೋದ.

“ನನ್ನ ಫೋನು ನಿನ್ನ ಕೈಯಾಗ ಕೊಡಂಗಿಲ್ಲ ಬಿಡು,” ಎಂದ ಅಂಬಪ್ಪ. “ನೀ ಮುಟ್ಟಿದ್ದೆಲ್ಲಾ ಚೊಕ್ಕ ಆಕೈತಂತ!”

ಕೊನೆಗೆ ಫೋನನ್ನು ನಂದಿನಿಯ ಕೈಗೆ ಕೊಟ್ಟ. ಅಮೀನ್‌ಸಾಬ್ ತಾನು ತಂದಿದ್ದ ಲ್ಯಾಪ್‌ಟಾಪಿಗೆ ಪದ ಇಳಿಸಿಕೊಂಡು, ಅಭ್ಯಾಸಬಲದಿಂದ ಮೊದಲು ಸಂಖ್ಯೆಯನ್ನೇ ನೋಡಿದ. ತಾಳೆಯಾಗಲಿಲ್ಲ. ಅವನಿಗೆ ಹೋದ ಜೀವ ಬಂದಂತಾಯಿತು.

“ನಕಲಿ ಐತವ್ವಾ!” ಎಂದು ಖುಷಿಯಿಂದ ಕೂಗಿ ಪದ ಹಚ್ಚಿದ.

ಪೀರಮ್ಮ ಹಾಡಿದಳು, ನಡುವೆ ನಿಲ್ಲಿಸಿದಳು. “ನಂದಿನೀ, ಒಂದೀಟು ನೀರು ತಾರವ್ವ.”

“ತಂದೆವ್ವಾ,” ಎಂದು, ಕೇಳುತ್ತ ಕೂತಿದ್ದ ನಂದಿನಿ ಎದ್ದು ನಿಂತಿದ್ದಳು.