ಜೋಡಿ ಮಾತಿಗೆ ಹೊಡೆದ ಗೀಟು

ಎಂಬತ್ತರ ದಶಕದ ಆ ದಿನಗಳಲ್ಲಿ ಗುಳೇದಗುಡ್ಡದ ನಮ್ಮ ಓಣಿಗೆ ಕಾಲಿಟ್ಟರೆ ಸಾಕು, ಮನೆಮನೆಯಿಂದ, ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಮಗ್ಗದ ಸದ್ದು, ನೂಲಿಗೆ ಹಚ್ಚಿದ ಗಂಜಿಯ ಹುಳಿವಾಸನೆ. ಆ ವಾಸನೆ ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ನಾನಾಗ ಒಂಬತ್ತನೆಯ ಇಯತ್ತೆಯ ಹುಡುಗಿ. ಚರ್ಚಾಸ್ಪರ್ಧೆಯಲ್ಲಿ ನನ್ನೆದುರು ನಿಲ್ಲುವವರಿಲ್ಲ ಎಂಬ ಸೊಕ್ಕು ಬೇರೆ. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ, ಗೆದ್ದರೆ ಆಯಿತು.

ಆ ಶ್ರಾವಣದಲ್ಲಿ ನಮ್ಮ ಶಾಲೆಗೆ ಸಾಹಿತಿಯೊಬ್ಬರು ಬಂದರು. ಅವರ ಭಾಷಣದಲ್ಲಿ ನಾನು ಬರೆದುಕೊಂಡದ್ದು ಒಂದೇ: "ಹೇಳಿದ್ದನ್ನೇ ಹೇಳಬೇಡಿ. ಹೆಚ್ಚಿನ ಮಾತಿಗೆ ಗೀಟು ಹೊಡೆಯಿರಿ."

ಪಕ್ಕದ ಮನೆಯ ಕಸ್ತೂರಿ, ನನ್ನ ಗಜ್ಜುಗದಾಟದ ಜೊತೆಗಾತಿ, ‘ನಮ್ಮ ಅವ್ವ’ ಎಂದು ಪ್ರಬಂಧ ಬರೆದಿದ್ದಳು. ನಮ್ಮ ವರ್ಗದವರೆಲ್ಲ ಬರೆದದ್ದರಲ್ಲಿ ಚೆನ್ನಾಗಿದ್ದ ಒಂದನ್ನು ಗುರುಗಳು ಬಾಗಲಕೋಟೆಯ ಸ್ಪರ್ಧೆಗೆ ಕಳಿಸುವವರಿದ್ದರು. ಅವಳಪ್ಪ ಹೇಳಿಬಿಟ್ಟಿದ್ದ: "ನಿಂದು ಆರಿಸಿದ್ರ ಮ್ಯಾಟ್ರಿಕ್ ತನಕ ಓದು. ಇಲ್ಲಂದ್ರ ದೀಪಾವಳಿಗೆ ಸಾಲಿ ಬಿಟ್ಟು ಮಗ್ಗಕ್ಕ ಕೂಡು."

ಅವರ ಮನೆಯ ಕಟ್ಟೆಯ ಮೇಲೆ ಓಣಿಯ ಹುಡುಗಿಯರೊಂದಿಗೆ ಹುರಿದ ಶೇಂಗಾ ತಿನ್ನುತ್ತ, ಅವಳ ಪ್ರಬಂಧ ತಿದ್ದಿಕೊಡಲು ಕೆಂಪು ಪೆನ್ನು ಹಿಡಿದೆ. ‘ಕುಣಿಮಗ್ಗದಾಗ ಕುಂತು ಕುಂತು ಅವ್ವನ ಕಾಲು ಜೋಮು ಹಿಡಿತಾವು’ ಎಂದಿತ್ತು. ಒಂದು ‘ಕುಂತು’ ಹಾರಿಸಿದೆ. ‘ಎಳಿ ಎಳಿ ಕೂಡಿಸತಾಳ’, ‘ನೋಡಿ ನೋಡಿ ಕಣ್ಣು ಮಂಜಾಗ್ಯಾವು’. ಅಲ್ಲೂ ಒಂದೊಂದು ಗೀಟು.

"ಒಮ್ಮೆ ಕುಂತ್ರ ಜೋಮು ಹಿಡಿತಾವೇನ?" ಎಂದಳು ಕಸ್ತೂರಿ.

"ಸಾಹಿತಿಗೋಳು ಏನಂದ್ರು? ಹೇಳಿದ್ದನ್ನಽ ಹೇಳಬ್ಯಾಡ್ರಿ ಅಂದ್ರಿಲ್ಲೊ?"

"ಅವರ ಮನ್ಯಾಗ ಮಗ್ಗ ಐತೇನ?"

"ಹಂಗಾರ ನೀನಽ ದೊಡ್ಡ ಸಾಹಿತಿ ಬಿಡವಾ! ಎಷ್ಟು ಪುಸ್ತಕ ಬರದೀ?"

ಕಟ್ಟೆಯ ಮೇಲಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ಸಾಹಿತಿ ಹೆಚ್ಚಿನ ಮಾತು ಎಂದಿದ್ದರೇ ಹೊರತು ಜೋಡಿ ಮಾತು ಎಂದಿರಲಿಲ್ಲ. ಅದು ನನಗೆ ಆ ಗಳಿಗೆಯಲ್ಲೇ ಹೊಳೆದಿತ್ತು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಅವಳದೇ ಖರೆ ಎಂದು ತಿಳಿದೂ, ನಕ್ಕವರೆದುರು ಸೋಲಲಾರದೆ, ಹಾಳೆ ತಿರುವಿ ಮತ್ತೆ ಗೀಟು ಹೊಡೆಯುತ್ತ ಹೋದೆ.

ಅವಳು ಅದನ್ನೇ ಪ್ರತಿ ಮಾಡಿ ಗುರುಗಳಿಗೆ ಕೊಟ್ಟಳು. ವಾರದ ಮೇಲೆ ಕನ್ನಡ ಗುರುಗಳು ವರ್ಗದಲ್ಲಿ ಹಾಳೆ ಎತ್ತಿ ಹಿಡಿದರು. "ಏನವಾ ಕಸ್ತೂರಿ, ಮದಲು ಎಷ್ಟು ಚಲೋ ಬರೀತಿದ್ದಿ. ಇದೇನು ಟೆಲಿಗ್ರಾಮ್ ತಾರು ಬಂದಂಗ ಐತಿ!"

ಎಲ್ಲರೂ ನಕ್ಕರು. ಕಸ್ತೂರಿ ನನ್ನತ್ತ ಒಮ್ಮೆ ನೋಡಿದಳು, ಹೆಸರು ಹೇಳಲಿಲ್ಲ. ನಾನು ಎದ್ದು ನಿಲ್ಲಲಿಲ್ಲ. ಬೇರೆ ಯಾರದೋ ಪ್ರಬಂಧ ಬಾಗಲಕೋಟೆಗೆ ಹೋಯಿತು. ದೀಪಾವಳಿ ಸೂಟಿ ಮುಗಿದು ಶಾಲೆ ತೆರೆದಾಗ ನನ್ನ ಪಕ್ಕದ ಜಾಗ ಖಾಲಿ ಇತ್ತು.

ಈಚೆಗೆ ಊರಿಗೆ ಹೋಗಿದ್ದೆ. ಓಣಿಯಲ್ಲಿ ಮಗ್ಗ ಉಳಿದಿರುವುದು ಎರಡೋ ಮೂರೋ ಮನೆಗಳಲ್ಲಿ. ಕಸ್ತೂರಿ ಚಹಾ ಕೊಟ್ಟಳು. "ಅವತ್ತು ನಿಂದಽ ಖರೆ ಇತ್ತು" ಎಂದೆ.

"ಯಾವತ್ತು?"

ಎಲ್ಲ ಹೇಳಿದೆ. ಸಿಟ್ಟಾಗುತ್ತಾಳೆಂದು ಕಾದೆ. ಅವಳು ನಕ್ಕಳು. "ಅಯ್ಯ, ಅದೆಲ್ಲ ಯಾರಿಗಿ ನೆನಪೈತಿ? ಅವ್ವ ತೀರಿ ಹ್ವಾದಮ್ಯಾಲ ಭಾಳ ನೆನಪಾಗತಾಳ ನೋಡು. ನಾ ಆಕಿ ಮ್ಯಾಲ ಏನೇನು ಬರದಿದ್ದೆ? ಒಂದೀಟು ಹೇಳವಾ."

ಗೀಟು ಹೊಡೆದಿದ್ದ ಆ ಮೂರು ಸಾಲು ಹೇಳಿದೆ.

"ಮುಂದ?" ಎಂದಳು.

ಮುಂದೆ ಎರಡು ಪುಟಗಳಿದ್ದವು. ಗೀಟು ಹೊಡೆಯುವ ಭರದಲ್ಲಿ ಅವನ್ನು ನಾನು ಓದಿಯೇ ಇರಲಿಲ್ಲ.