ಕಂಬಳಿ ಅಂಗಡಿಯ ಒಲೆ

ಇವತ್ತು ಹೊಸದುರ್ಗದ ಹಳೇ ಮಳಿಗೆ ಸಾಲಿನ ಮುಂದೆ ಹೋಗುವಾಗ ಯಾರದೋ ಊಟದ ಡಬ್ಬಿಯಿಂದ ಹುರುಳಿಸಾರಿನ ವಾಸನೆ ಬಂತು. ಅಜ್ಜಿ ನೆನಪಾದಳು.

ನಾನು ಲಂಗ ತೊಡುತ್ತಿದ್ದ ಕಾಲಕ್ಕೆ ಆ ಸಾಲಿನಲ್ಲಿ ನಮ್ಮದೊಂದು ಕಂಬಳಿ ಅಂಗಡಿಯಿತ್ತು. ಸೋರುವ ಹೆಂಚು ತೆಗೆಸಿ ಆರ್‌ಸಿಸಿ ಹಾಕಿಸೋಣವೆಂದರೆ ಪುರಸಭೆಯ ನಕ್ಷೆಯಲ್ಲಿ ಅದು ವಾಸದ ಜಾಗ. ವ್ಯಾಪಾರದ ಜಾಗ ಎಂದು ಬದಲಾಗದೆ ಅನುಮತಿ ಸಿಗುತ್ತಿರಲಿಲ್ಲ. ಪುರಸಭೆಯ ಸಾಹೇಬರು ತಪಾಸಣೆಗೆ ಬರುವ ದಿನ ಅಪ್ಪ ಅಜ್ಜಿಗೆ ಕೈಮುಗಿದೇ ಹೇಳಿದ್ದರು.

"ಅವ್ವಾ, ಇವತ್ತೊಂದಿನ ಹಿಂದ್ಗಡೆ ಒಲೆ ಹಚ್ಬೇಡ. ಮನೆ ಅಂತ ಬರ್ಕಂಡ್ರೆ ಕೆಲ್ಸ ಕೆಡ್ತೈತೆ."

ಸಾಹೇಬರು ಬಂದದ್ದು ಸುಡು ಮಧ್ಯಾಹ್ನ. ಅವರ ಬಾಡಿದ ಮುಖ ನೋಡಿದ್ದೇ ಅಜ್ಜಿ ಮಾರುವ ಕಂಬಳಿಯನ್ನೇ ಹಾಸಿ ಕೂರಿಸಿದಳು. ಒಳಗಿನಿಂದ ಬಿಸಿ ಮುದ್ದೆ, ಹುರುಳಿಸಾರು ಬಂತು. ಒಲೆ ಯಾವಾಗ ಹಚ್ಚಿದಳೋ ನಮಗೂ ಗೊತ್ತಾಗಿರಲಿಲ್ಲ.

"ಇದು ಮನೆ ಅಲ್ಲ ಸಾಮಿ, ಅಂಗ್ಡಿ. ಇನ್ನೊಂದು ಮುದ್ದೆ ಹಾಕ್ಸ್ಕಳ್ರಿ."

ಅಪ್ಪ ಗೋಡೆ ಕಡೆ ತಿರುಗಿ ನಿಂತರು.

ಸಾಹೇಬರು ಕೈತೊಳೆದು ಅಪ್ಪನಿಗೆ ಹೇಳಿದರು, "ಅಂಗ್ಡಿ ಅಂತ್ಲೇ ಬರೀತೀನಿ ಬಿಡ್ರಿ. ಮನೇಲಿ ನಂಗೆ ಯಾರೂ ಇನ್ನೊಂದು ಮುದ್ದೆ ಹಾಕ್ಸ್ಕಳ್ರಿ ಅನ್ನಲ್ಲ."

ಈಗ ಆ ಆರ್‌ಸಿಸಿಯೂ ಸೋರುತ್ತಿದೆ. ಪುರಸಭೆಯವರು ಇಡೀ ಸಾಲನ್ನೇ ಕೆಡವಿ ಕಟ್ಟುತ್ತಾರಂತೆ, ಆಕ್ಷೇಪಣೆಯಿದ್ದರೆ ತಿಳಿಸಿ ಎಂದು ಹೊಸ ನಕ್ಷೆ ಅಂಟಿಸಿದ್ದಾರೆ. ನನ್ನದೊಂದೇ ಆಕ್ಷೇಪಣೆ: ಒಲೆಗೆ ಜಾಗ ಬಿಟ್ಟಿಲ್ಲ.