ಬೆಳಗಾವಿ ಒಂದು ತಾಸು

ನನ್ನ ಅಕ್ಕನಿಗೆ ತವರಿನ ಸೀರೆ ಸಿಗದೆ ಹೋದದ್ದು ನನ್ನ ಮಗನ ಲೆಕ್ಕದಿಂದ. ಮೋಡವಿತ್ತು, ವಿಮಾನ ತಡವಾಯಿತು ಎಂದು ಅವನು ಈಗಲೂ ಹೇಳಿಕೊಂಡು ತಿರುಗುತ್ತಾನೆ. ತಪ್ಪನ್ನು ಮೋಡದ ಮೇಲೆ ಯಾಕೆ ಹಾಕಬೇಕು?

ಅಕ್ಕ ತೀರಿಕೊಂಡ ಸುದ್ದಿ ಮುಂಬೈಯ ಭಾಂಡುಪಿನ ನಮ್ಮ ಮನೆಗೆ ಬಂದಾಗ ಇನ್ನೂ ನಸುಕು, ನಲ್ಲಿಗೆ ನೀರು ಬಿಟ್ಟಿರಲಿಲ್ಲ. ಅವಳ ಊರು ಬೆಳಗಾವಿಯ ಹತ್ತಿರ. ನಮ್ಮಲ್ಲಿ ಸತ್ತ ಹೆಣ್ಣಿಗೆ ಕೊನೆಯ ಸೀರೆಯನ್ನು ತವರಿನವರೇ ಹೊದಿಸಬೇಕು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು. ತವರು ಅಂತ ಅವಳಿಗೆ ಉಳಿದವಳು ನಾನೊಬ್ಬಳೇ. ಟ್ರಂಕಿನಿಂದ ಹೊಸ ಇಳಕಲ್ ಸೀರೆ ತೆಗೆದು ಚೀಲಕ್ಕೆ ಹಾಕಿಕೊಂಡೆ. ಪಕ್ಕದ ಮನೆಯ ಡ್ರೈವರ್ ತನ್ನ ಗಾಡಿ ತಂದು ನಿಲ್ಲಿಸಿದ. "ಈಗ ಬಿಟ್ರ ಬಿಸಲ ಇರೂದ್ರಾಗ ಮುಟ್ಟತೇವ್ರಿ ಆಯಿ" ಎಂದ.

ಮಗ ಮೊಬೈಲಿನಿಂದ ತಲೆ ಎತ್ತಲಿಲ್ಲ. "ರೋಡಿನ್ಯಾಗ ಐನೂರು ಕಿಲೋಮೀಟರ್ ಅವ್ವಾ, ನಿನ್ನ ಸೊಂಟ ಉಳೀತೈತೇನು? ಮಧ್ಯಾಹ್ನ ಫ್ಲೈಟ್ ಐತಿ. ಬೆಳಗಾವಿ ಒಂದ ತಾಸು, ಬಸ್."

"ಒಂದ ತಾಸು ಅಂತ ಯಾರು ಹೇಳಿದ್ರು?"

"ಇಲ್ಲೇ ಬರ್ದೈತಿ ನೋಡು."

ಅಷ್ಟಕ್ಕೇ ನಿಲ್ಲಲಿಲ್ಲ. ಅಕ್ಕನ ಮಗನಿಗೆ ಫೋನ್ ಮಾಡಿ, ಮಧ್ಯಾಹ್ನ ಒಂದು ತಾಸಿನಲ್ಲಿ ಬಂದುಬಿಡುತ್ತೇವೆ, ಕಾಯಿರಿ ಎಂದ. ಡ್ರೈವರ್ ಬೇರೆ ಬಾಡಿಗೆ ಹಿಡಿದು ಕಾಂದಿವಲಿಗೆ ಹೊರಟುಹೋದ.

ಮುಂಬೈಯಲ್ಲಿ ಹುಟ್ಟಿದವರ ಲೆಕ್ಕವೇ ಹೀಗೆ. ಮಾಟುಂಗ ಎಷ್ಟು ದೂರ ಎಂದರೆ ಲೋಕಲ್ ರೈಲು ಓಡುವ ಹೊತ್ತನ್ನಷ್ಟೇ ಹೇಳುತ್ತಾರೆ. ಸ್ಟೇಶನ್ನಿಗೆ ನಡೆಯುವುದು, ಮೊದಲ ಗಾಡಿಗೆ ಹತ್ತಲಾಗದೆ ನಿಲ್ಲುವುದು, ಇಳಿದು ಸೇತುವೆ ಹತ್ತುವುದು ಯಾರ ಲೆಕ್ಕದಲ್ಲೂ ಇಲ್ಲ. ಅದೇ ಲೆಕ್ಕವನ್ನು ಇವನು ಹೆಣದ ಮುಂದೆ ಕೂತವರಿಗೆ ಕೊಟ್ಟ.

ಪವಯಿಯಲ್ಲಿ ಟ್ಯಾಕ್ಸಿ ಸಿಕ್ಕಿಹಾಕಿಕೊಂಡಿತು. ವಿಮಾನ ನಿಲ್ದಾಣದಲ್ಲಿ ಸಾಲು, ಅದು ಮುಗಿದರೆ ಮತ್ತೊಂದು ಸಾಲು. ಚೀಲ ಬಿಚ್ಚಿಸಿ ಸೀರೆಯ ಮಡಿಕೆಯೊಳಗೂ ಕೈಯಾಡಿಸಿ ನೋಡಿದರು. ಒಳಗೆ ಹೋಗಿ ಕೂತ ಮೇಲೆ ಬೋರ್ಡಿನಲ್ಲಿ ಬೆಳಗಾವಿಯ ವಿಮಾನದ ಹೊತ್ತು ಮುಂದೆ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೂ ಮುಂದೆ ಹೋಯಿತು.

"ಹಾರಿದ ಮ್ಯಾಲ ಒಂದ ತಾಸು ಅವ್ವಾ" ಎಂದ ಮಗ.

"ಹಾರೂತನಕಾ?" ಎಂದೆ. ಚಹಾ ತರುವ ನೆಪ ಹೇಳಿ ಎದ್ದು ಹೋದ.

ಗಾಜಿನ ಆಚೆ ಬಿಸಿಲು ಹಳದಿಯಾಗುವ ಹೊತ್ತಿಗೆ ಅಕ್ಕನ ಮಗ ಫೋನ್ ಮಾಡಿದ. "ಸಣ್ಣವ್ವಾ, ಹಿರ್ಯಾರು ಇನ್ನ ತಡ್ಯಾಕ ಆಗೂದಿಲ್ಲ ಅಂದ್ರು. ನೀವು ಒಂದ ತಾಸು ಅಂದಿದ್ರಿ ಅಂತ ಬ್ಯಾರೆ ಸೀರಿ ತರ್ಸಿದ್ದಿಲ್ಲ. ನನ್ನ ಹೇಣ್ತಿ ಉಟ್ಟು ಬಿಟ್ಟ ಸೀರೀನ ಹೊಚ್ಚಿ ಮಣ್ಣ ಮಾಡಿದಿವಿ."

ಮಗ ಕಪ್ಪು ಹಿಡಿದು ಬಂದ. ವಿಷಯ ಕೇಳಿ, ಟಿಕೆಟ್ ಹೇಗೂ ಇದೆ, ಹೋಗಿ ಮುಖ ತೋರಿಸಿ ಬರೋಣ ಎಂದ.

"ಯಾರಿಗೆ ತೋರಸ್ತಿ, ಮಣ್ಣಿಗೇನು?" ಎಂದು ಎದ್ದು ಹೊರಟೆ. ಸೀರೆಯ ಚೀಲ ಹಿಡಿದುಕೊಂಡೇ ಭಾಂಡುಪಿಗೆ ತಿರುಗಿ ಬಂದೆ.

ಮರುದಿನ ಬೆಳಿಗ್ಗೆ ಸೊಸೆ, ಹೆಣಕ್ಕೆಂದು ತೆಗೆದ ಸೀರೆ ಮನೆಯಲ್ಲಿ ಇಡಬಾರದು, ಯಾರಿಗಾದರೂ ಕೊಟ್ಟುಬಿಡಿ ಎಂದಳು. ನಾನು ಸ್ನಾನ ಮಾಡಿ ಅದನ್ನೇ ಉಟ್ಟು, ಮಗನ ಮುಂದೆ ಹಾದು, ಸ್ಟೇಶನ್ ರೋಡಿಗೆ ಕಾಯಿಪಲ್ಯ ತರಲು ಹೋದೆ.